ಬಿಚ್ಚುವ ಮೊದಲು ಕೇಳಿ: ಹಳೆಯ ಕೀಬೋರ್ಡುಗಳು ಕಲಿಸಿದ ಹನ್ನೊಂದು ಪಾಠ

ಗಣೇಶನ ಹಬ್ಬಕ್ಕೆ ಇನ್ನು ಮೂರು ವಾರ ಇದೆ ಎನ್ನುವಾಗ ನನ್ನ ಅಂಗಡಿಯ ಫೋನು ಬಡಿದುಕೊಳ್ಳಲು ಶುರುವಾಗುತ್ತದೆ. ಗಣಪತಿ ಪೆಂಡಾಲು, ದಸರಾ, ನವೆಂಬರ್ ಪೂರ್ತಿ ರಾಜ್ಯೋತ್ಸವ. ಆರ್ಕೆಸ್ಟ್ರಾದವರ ವರ್ಷದ ಸಂಪಾದನೆಯಲ್ಲಿ ದೊಡ್ಡ ಪಾಲು ಈ ತಿಂಗಳುಗಳಲ್ಲೇ. ಮಳೆಗಾಲವೆಲ್ಲ ಅಟ್ಟದ ಮೇಲೆ ಮಲಗಿದ್ದ ಕೀಬೋರ್ಡನ್ನು ಇಳಿಸಿ ಸ್ವಿಚ್ ಹಾಕುತ್ತಾರೆ. ಅದು ಮಾತಾಡದಿದ್ದರೆ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಮೈಸೂರಿನ ನನ್ನ ಗಲ್ಲಿಗೆ ಬರುತ್ತಾರೆ.

ನಾನು ಓದಿದ್ದು ಐಟಿಐ, ಕೈ ಪಳಗಿದ್ದು ರೇಡಿಯೊ, ಟೇಪ್‌ರೆಕಾರ್ಡರುಗಳಲ್ಲಿ. ಮೊದಲ ಕೀಬೋರ್ಡ್ ಬಿಚ್ಚಿದ್ದು 1994ರಲ್ಲಿ. ಅಂದಿನಿಂದ ಎಷ್ಟು ಬಿಚ್ಚಿದೆನೋ ಲೆಕ್ಕವಿಟ್ಟಿಲ್ಲ. ಬಿಚ್ಚಬಾರದಿದ್ದವನ್ನು ಬಿಚ್ಚಿದ ಲೆಕ್ಕ ಮಾತ್ರ ಚೆನ್ನಾಗಿ ನೆನಪಿದೆ. ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಮಾತಿಗೆ ಎರಡು ಕೆಲಸ. ಪ್ರಶ್ನೆ ಹಾಕುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಈ ಕಸುಬಿನಲ್ಲಿ ಎರಡೂ ಕೇಳುವಿಕೆ ಮುಗಿದ ಮೇಲಷ್ಟೇ ಸ್ಕ್ರೂಡ್ರೈವರಿಗೆ ಕೈ ಹಾಕಬೇಕು. ಕೆಳಗಿನ ಹನ್ನೊಂದೂ ಆ ಒಂದು ಮಾತಿನ ವಿಸ್ತರಣೆ.

1. ಕೆಟ್ಟಿದೆಯೇ ಎಂದು ಮೊದಲು ವಿಚಾರಿಸಿ

ನಂಜನಗೂಡಿನ ಕಡೆಯ ಹುಡುಗನೊಬ್ಬ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೀಬೋರ್ಡ್ ತಂದ. ‘ಸಾರ್, ಸತ್ತೋಗಿದೆ. ಲೈಟ್ ಬರುತ್ತೆ, ಸೌಂಡ್ ಇಲ್ಲ.’ ಡೆಮೊ ಬಟನ್ ಒತ್ತಿದೆ; ಹಾಡು ಸೊಗಸಾಗಿ ಬಂತು. ಅಂದರೆ ಪವರ್ ಸರಿ, ಧ್ವನಿ ಹುಟ್ಟಿಸುವ ಚಿಪ್ ಸರಿ, ಆಂಪ್ಲಿಫೈಯರ್ ಸರಿ, ಸ್ಪೀಕರ್ ಸರಿ. ಕೀ ಒತ್ತಿದರೆ ಮಾತ್ರ ಮೌನ. ‘ಯಾರಾದರೂ ಇದನ್ನ ಕಂಪ್ಯೂಟರ್‌ಗೆ ಹಾಕಿದ್ರಾ?’ ಎಂದು ಕೇಳಿದೆ. ಭಾವಮೈದ ಹಾಕಿದ್ದನಂತೆ. ಕೀಬೋರ್ಡು ಕಂಪ್ಯೂಟರಿನ ಜೊತೆ ಮಾತಾಡುವ ಮಿಡಿ ಮೆನುವಿನಲ್ಲಿ ‘ಲೋಕಲ್ ಕಂಟ್ರೋಲ್’ ಆಫ್ ಆಗಿತ್ತು. ಅದು ಆಫ್ ಆದರೆ ಕೀಗಳಿಗೂ ಒಳಗಿನ ಧ್ವನಿಗೂ ಸಂಬಂಧ ಕಡಿದುಹೋಗುತ್ತದೆ. ಆನ್ ಮಾಡಿದೆ. ಅವನು ಕಾಫಿ ಕೊಡಿಸಿದ.

ಇಂಥ ಸುಳ್ಳು ಕಾಯಿಲೆಗಳು ಇನ್ನೂ ಕೆಲವಿವೆ. ಯಾರೋ ಟ್ರಾನ್ಸ್‌ಪೋಸ್ ಅರ್ಧ ಸ್ವರ ಏರಿಸಿಟ್ಟಿರುತ್ತಾರೆ. ಮಾಸ್ಟರ್ ಟ್ಯೂನ್ 440 ಹರ್ಟ್ಸ್‌ನಿಂದ ಜಾರಿರುತ್ತದೆ. ಗಾಯಕರು ‘ಶ್ರುತಿ ಕೂಡ್ತಿಲ್ಲ’ ಎಂದು ಕೀಬೋರ್ಡ್‌ನವನನ್ನು ಬೈಯುತ್ತಾರೆ. ವಾಲ್ಯೂಮ್ ಪೆಡಲ್ ಕೆಳಗೆ ಬಿದ್ದಿರುತ್ತದೆ. ಸಸ್ಟೇನ್ ಪೆಡಲನ್ನು ಒತ್ತಿಕೊಂಡೇ ಸ್ವಿಚ್ ಹಾಕಿದ್ದರಿಂದ ಅದು ತಿರುಗಾಮುರುಗಾ ಕೆಲಸ ಮಾಡುತ್ತಿರುತ್ತದೆ. ಇವೆಲ್ಲ ಬಾಯಿಮಾತಿನಲ್ಲೇ ವಾಸಿಯಾಗುವ ರೋಗಗಳು. ಒಂದು ಎಚ್ಚರಿಕೆ: ಫ್ಯಾಕ್ಟರಿ ರೀಸೆಟ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ಆಸೆಗೆ ಬೀಳಬೇಡಿ. ಅದು ಏನನ್ನು ಒರೆಸಿಹಾಕುತ್ತದೆ ಎನ್ನುವುದನ್ನು ಕೊನೆಯ ಪಾಠದಲ್ಲಿ ಹೇಳುತ್ತೇನೆ.

2. ಹಮ್ಮಿಂಗಿಗೂ ಒಂದು ಶ್ರುತಿ ಇದೆ

‘ಹಮ್ಮಿಂಗ್ ಬರ್ತಿದೆ’ ಎನ್ನುವುದು ಆರ್ಕೆಸ್ಟ್ರಾದವರ ನಿತ್ಯದ ದೂರು. ಮೀಟರ್ ತೆಗೆಯುವ ಮೊದಲು ನಾನು ಅದರ ಶ್ರುತಿ ಹಿಡಿಯುತ್ತೇನೆ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ತೂಗುತ್ತದೆ. ಹೊರಗಿನಿಂದ ನುಸುಳಿದ ಹಮ್ಮಿಂಗ್, ಅಂದರೆ ಅರ್ತ್ ಸರಿಯಿಲ್ಲದ್ದು, ವೈರಿನ ಶೀಲ್ಡ್ ಕಿತ್ತುಹೋದದ್ದು, ಹೆಚ್ಚಾಗಿ ಆ 50 ಹರ್ಟ್ಸ್‌ನಲ್ಲೇ ಗುಂಯ್‌ಗುಡುತ್ತದೆ. ಕೀಬೋರ್ಡಿನ ಒಳಗೆ ಎಸಿ ಡಿಸಿಯಾಗುವಾಗ ಡಯೋಡ್ ಬ್ರಿಡ್ಜ್ ಅದನ್ನು ದುಪ್ಪಟ್ಟು ಮಾಡುತ್ತದೆ. ಆದ್ದರಿಂದ ಫಿಲ್ಟರ್ ಕೆಪಾಸಿಟರ್ ಒಣಗಿದ್ದರೆ ಬರುವುದು 100 ಹರ್ಟ್ಸ್‌ನ, ಸ್ವಲ್ಪ ಒರಟಾದ ಸದ್ದು.

61 ಕೀಗಳ ಕೀಬೋರ್ಡಿನಲ್ಲಿ ಎಡಗಡೆಯಿಂದ ಮೊದಲು ಸಿಗುವ ಜಿ ಒತ್ತಿ. ಅದು 98 ಹರ್ಟ್ಸ್. ಹಮ್ಮಿಂಗ್ ಅದರ ಜೊತೆ ಹೆಚ್ಚುಕಡಿಮೆ ಕೂಡಿಕೊಂಡರೆ ಕಾಯಿಲೆ ಒಳಗಿದೆ. ಅದಕ್ಕಿಂತ ಒಂದು ಸ್ಥಾಯಿ ಕೆಳಗೆ ಕೇಳಿದರೆ ಹೊರಗೆ ಹುಡುಕಿ. ಇನ್ನೂ ಅನುಮಾನವೇ? ಆಂಪ್ಲಿಫೈಯರಿನ ವೈರು ಕಿತ್ತು ಬರೀ ಹೆಡ್‌ಫೋನಿನಲ್ಲಿ ಕೇಳಿ. ಹಮ್ಮಿಂಗ್ ಮಾಯವಾದರೆ ಕೀಬೋರ್ಡ್ ನಿರಪರಾಧಿ. ಮೈಕ್‌ಸೆಟ್‌ನವರ ಅರ್ತಿಂಗ್ ನೋಡಬೇಕು. ಅರ್ತ್ ಪಿನ್ ಮುರಿದು ಹಮ್ಮಿಂಗ್ ನಿಲ್ಲಿಸುವ ಉಪಾಯವನ್ನು ಎಷ್ಟೋ ವೇದಿಕೆಗಳಲ್ಲಿ ನೋಡಿದ್ದೇನೆ. ಹಮ್ಮಿಂಗ್ ನಿಲ್ಲುತ್ತದೆ, ಮೈಕಿಗೆ ತುಟಿ ತಾಗಿದಾಗ ಗಾಯಕನಿಗೆ ಶಾಕ್ ಹೊಡೆಯುತ್ತದೆ.

3. ಕರೆಂಟು ಎಲ್ಲಿಂದ ಬಂತು ಎಂದು ಕೇಳಿ

ದೊಡ್ಡ ಸಾವುಗಳೆಲ್ಲ ಪ್ಲಗ್ಗಿನಲ್ಲೇ ಆಗುತ್ತವೆ. ಜಪಾನಿನ ಮನೆಗಳಲ್ಲಿ 100 ವೋಲ್ಟ್, ಅಮೆರಿಕದಲ್ಲಿ 120. ನಮ್ಮದು 230. ಅಲ್ಲಿಂದ ತಂದ ಸೆಕೆಂಡ್‌ಹ್ಯಾಂಡ್ ಸಿಂಥಸೈಜರನ್ನು ಇಲ್ಲಿನ ಗೋಡೆಗೆ ಹಾಕಿದರೆ ಟ್ರಾನ್ಸ್‌ಫಾರ್ಮರ್ ಒಂದು ಸಲ ಗೊಣಗಿ ಸುಮ್ಮನಾಗುತ್ತದೆ. ಹಿಂಬದಿಯ ತಗಡಿನ ಮೇಲೆ ಬರೆದಿರುವ ಅಂಕಿಯನ್ನು ಓದುವುದಕ್ಕೆ ಯಾವ ಡಿಪ್ಲೊಮಾವೂ ಬೇಡ.

ಅಡಾಪ್ಟರಿನದು ಬೇರೆಯೇ ಕತೆ. ಹಳೆಯ ಹಲವು ಕ್ಯಾಸಿಯೋಗಳು 9 ವೋಲ್ಟಿನವು, ಪಿನ್ನಿನ ನಡುವೆ ಮೈನಸ್. ಯಮಾಹಾ ಪಿಎಸ್‌ಆರ್‌ಗಳು ಸಾಮಾನ್ಯವಾಗಿ 12 ವೋಲ್ಟ್, ನಡುವೆ ಪ್ಲಸ್. ಇದರ ಪಿನ್ ಅದಕ್ಕೆ ಹೊಂದುವಂತಿದ್ದರೆ ಮುಗಿಯಿತು, ಪ್ರೋಗ್ರಾಂ ಅವಸರದಲ್ಲಿ ಯಾರಾದರೂ ಅದಲುಬದಲು ಮಾಡಿಯೇ ಮಾಡುತ್ತಾರೆ. ಅದೃಷ್ಟವಿದ್ದರೆ ಒಂದು ರಕ್ಷಣೆಯ ಡಯೋಡ್ ಪ್ರಾಣ ಕೊಟ್ಟು ಉಳಿದದ್ದನ್ನು ಕಾಪಾಡಿರುತ್ತದೆ. ಹತ್ತು ರೂಪಾಯಿಯ ಡಯೋಡ್ ಬದಲಿಸಿ ಕೊಟ್ಟಾಗ ಗಿರಾಕಿಗೆ ನಾನು ಮೋಸ ಮಾಡುತ್ತಿದ್ದೇನೆ ಅನ್ನಿಸುವುದೂ ಉಂಟು, ಅಷ್ಟು ಬೇಗ ಮುಗಿದಿರುತ್ತದೆ.

ಜಾತ್ರೆ, ಗಣಪತಿ ವೇದಿಕೆಗಳಲ್ಲಿ ಮೂರು ಫೇಸಿನ ಲೈನಿನಿಂದ ಕರೆಂಟು ಎಳೆದಿರುತ್ತಾರೆ. ನ್ಯೂಟ್ರಲ್ ಕಟ್ ಆದರೆ ಒಂದೊಂದು ಪಾಯಿಂಟಿನಲ್ಲಿ ವೋಲ್ಟೇಜ್ 300 ದಾಟಬಹುದು. ವೇದಿಕೆ ಹತ್ತುವ ಮೊದಲು ಪ್ಲಗ್ ಪಾಯಿಂಟಿಗೆ ಮೀಟರ್ ಇಡಿ. ಐದು ಸೆಕೆಂಡಿನ ಕೆಲಸ.

4. ಸೀರೀಸ್ ಬಲ್ಬಿನ ಮುಂದೆ ಯಾರ ಗುಟ್ಟೂ ನಿಲ್ಲುವುದಿಲ್ಲ

ನನ್ನ ಬೆಂಚಿನ ಮೇಲಿನ ಅತ್ಯಂತ ಹಳೆಯ ಉಪಕರಣವೆಂದರೆ ಒಂದು ಮರದ ಹಲಗೆ, ಅದರ ಮೇಲೆ ಒಂದು ಹೋಲ್ಡರ್, ಒಂದು ಸಾಕೆಟ್. ಹೋಲ್ಡರಿನಲ್ಲಿ 60 ವ್ಯಾಟಿನ ಫಿಲಮೆಂಟ್ ಬಲ್ಬ್. ಗೋಡೆಯ ಕರೆಂಟು ಆ ಬಲ್ಬಿನ ಮೂಲಕ ಹಾದು ಕೀಬೋರ್ಡಿಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಯಂತ್ರವಾದರೆ ಸ್ವಿಚ್ ಹಾಕಿದ ಕ್ಷಣ ಬಲ್ಬ್ ಮಿಂಚಿ, ಮಂಕಾಗಬೇಕು. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಸ್ವಲ್ಪವೂ ಮಿಣುಕದಿದ್ದರೆ ಫ್ಯೂಸೋ ಸ್ವಿಚ್ಚೋ ಟ್ರಾನ್ಸ್‌ಫಾರ್ಮರಿನ ವೈಂಡಿಂಗೋ ಕಟ್ ಆಗಿದೆ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು. ಹಾಗಾಗಿ ಗುಂಡು ಬಲ್ಬುಗಳು ಸಿಕ್ಕಿದಲ್ಲೆಲ್ಲ ಕೊಂಡು ಒಂದು ಡಬ್ಬಿ ತುಂಬಿಟ್ಟಿದ್ದೇನೆ.

ಬಲ್ಬ್ ಪಾಸ್ ಮಾಡಿದ ಮೇಲೆ ಮೀಟರು. 7805 ರೆಗ್ಯುಲೇಟರಿನ ಕಾಲಿನಲ್ಲಿ 5 ವೋಲ್ಟ್ ಇದೆಯೇ, ಅನಲಾಗ್ ಭಾಗಕ್ಕೆ ಹೋಗುವ ಪ್ಲಸ್ ಮೈನಸ್ 12 ಅಥವಾ 15 ಸಮನಾಗಿದೆಯೇ ನೋಡಿ. ಡಿಸ್‌ಪ್ಲೇಯಲ್ಲಿ ಹುಳ ಹರಿದಂಥ ಅಕ್ಷರ, ಅರ್ಧ ಗಂಟೆಗೊಮ್ಮೆ ತಾನೇ ರೀಸ್ಟಾರ್ಟ್ ಆಗುವುದು, ಇವಕ್ಕೆ ಪ್ರೊಸೆಸರನ್ನು ದೂರುವ ಮೊದಲು ಆ 5 ವೋಲ್ಟ್ 4.6ಕ್ಕೆ ಕುಸಿದಿದೆಯೇ ಎಂದು ನೋಡಬೇಕು. ಕುಸಿದಿದ್ದರೆ ಪಕ್ಕದ ಕೆಪಾಸಿಟರ್ ಮುಟ್ಟಿ ನೋಡಿ. ಬಿಸಿಯಾಗುವ ಹೀಟ್‌ಸಿಂಕಿನ ಮಗ್ಗುಲಲ್ಲೇ ಅದನ್ನು ಕೂರಿಸಿರುತ್ತಾರೆ. ಹತ್ತು ಡಿಗ್ರಿ ಬಿಸಿ ಏರಿದರೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಆಯುಸ್ಸು ಸರಿಸುಮಾರು ಅರ್ಧವಾಗುತ್ತದೆ. ಬದಲಿಸುವಾಗ 85 ಡಿಗ್ರಿಯದರ ಜಾಗಕ್ಕೆ 105ರದ್ದು ಹಾಕಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬೆಲೆಯ ವ್ಯತ್ಯಾಸ ಒಂದು ಚಹಾದಷ್ಟೂ ಇಲ್ಲ. ಮುಟ್ಟುವ ಮೊದಲು ಪ್ಲಗ್ ಕಿತ್ತು ಕೆಪಾಸಿಟರ್ ಖಾಲಿಯಾಗಲು ಬಿಡುವುದನ್ನು ನಾನು ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ನನ್ನ ಎಡ ಹೆಬ್ಬೆರಳಿನ ಗುರುತು ಹೇಳಿಸುತ್ತದೆ.

5. ಅಲ್ಲಾಡುವುದೆಲ್ಲ ಅನುಮಾನಾಸ್ಪದ

ವೈರು ಅಲ್ಲಾಡಿಸಿದರೆ ಸೌಂಡು ಬಂದು ಹೋಗುತ್ತದೆ ಎಂದರೆ ಅದನ್ನು ಚುಚ್ಚುವ ಪಿ-38 ಜಾಕಿನ ಹಿಂದೆ ಡ್ರೈ ಸೋಲ್ಡರ್ ಆಗಿದೆ. ಜಾಕನ್ನು ನೇರ ಬೋರ್ಡಿಗೆ ಬೆಸೆದಿರುವ ಮಾದರಿಗಳಲ್ಲಿ ಪಿನ್ ಚುಚ್ಚಿ ಎಳೆದ ಪ್ರತಿ ಸಲವೂ ಆ ಬೆಸುಗೆ ಒಂದಿಷ್ಟು ಬಿರಿಯುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಕಾಲಿನ ಸುತ್ತ ಕೂದಲೆಳೆಯ ಉಂಗುರ ಕಾಣುತ್ತದೆ. ಹಳೆಯ ಲೆಡ್ ತೆಗೆದು ಹೊಸದು ಹಾಕಿ. ಇದ್ದದ್ದನ್ನೇ ಕಾಯಿಸಿ ಬಿಟ್ಟರೆ ಆರು ತಿಂಗಳಿಗೆ ಅದೇ ಗಿರಾಕಿ ಅದೇ ದೂರಿನೊಂದಿಗೆ ಬರುತ್ತಾನೆ. ಹೊಡೆತಕ್ಕೆ ಸಿಗುವ ಇನ್ನೊಂದು ಜಾಗ ಅಡಾಪ್ಟರ್ ಸಾಕೆಟ್. ಒಳಗಿನ ರಿಬ್ಬನ್ ಕೇಬಲನ್ನು ಒಂದು ಸಲ ಕಿತ್ತು ಮತ್ತೆ ಕೂರಿಸಿದ್ದರಿಂದಲೇ ಎದ್ದು ಕೂತ ಕೀಬೋರ್ಡುಗಳೂ ಇವೆ. ಇಲಿ ಕಡಿದ ರಿಬ್ಬನ್ ಮಾತ್ರ ಹಾಗೆ ಏಳುವುದಿಲ್ಲ.

6. ಸತ್ತ ಮನೆಗಳನ್ನು ಎಣಿಸಿ

ಹಾರ್ಮೋನಿಯಂ ಕಲಿತವರು ಕೀಗೆ ‘ಮನೆ’ ಎನ್ನುತ್ತಾರೆ. ಒಂದು ಮನೆ ಸತ್ತಿದ್ದರೆ ಆ ಮನೆಯಲ್ಲೇ ಕೊಳೆ. ಹಲವು ಮನೆ ಒಟ್ಟಿಗೆ ಸತ್ತಿದ್ದರೆ ಒಂದು ಕಾಗದ ತೆಗೆದುಕೊಂಡು ಯಾವ ಯಾವುದು ಎಂದು ಗುರುತು ಹಾಕಿ.

61 ಕೀಗೆ 61 ಜೊತೆ ವೈರು ಎಳೆದರೆ ಬೋರ್ಡು ಸಾಲದು. ಅದಕ್ಕೆ ಎಂಟು ಅಡ್ಡ ಗೆರೆ, ಎಂಟು ಉದ್ದ ಗೆರೆಯ ಜಾಲ ಮಾಡುತ್ತಾರೆ. ಎಂಟೆಂಟ್ಲ 64; ಅದರಲ್ಲಿ 61 ಕೂರುತ್ತವೆ. ಪ್ರೊಸೆಸರು ಒಂದೊಂದೇ ಗೆರೆಗೆ ಸಂಕೇತ ಕಳಿಸಿ, ಅದು ಯಾವ ಗೆರೆಯಿಂದ ಮರಳಿತು ಎಂದು ನೋಡಿ ಒತ್ತಿದ ಕೀ ಯಾವುದೆಂದು ತಿಳಿಯುತ್ತದೆ. ಪ್ರತಿ ಎಂಟನೆಯ ಕೀ ಸತ್ತಿದ್ದರೆ ಒಂದು ದಿಕ್ಕಿನ ಗೆರೆ ತುಂಡಾಗಿದೆ. ಪಕ್ಕಪಕ್ಕದ ಎಂಟೂ ಸತ್ತಿದ್ದರೆ ಇನ್ನೊಂದು ದಿಕ್ಕಿನದು. ಹಲವು ಕೀ ಒಟ್ಟಿಗೆ ಒತ್ತಿದಾಗ ಒತ್ತದ ಸ್ವರವೂ ಕೇಳಿದರೆ ಕೀಯ ಪಕ್ಕದ ಪುಟಾಣಿ ಡಯೋಡ್ ಶಾರ್ಟ್ ಆಗಿರಬಹುದು. ಗುಂಪಿನ ಗಾತ್ರ ಮಾದರಿಯಿಂದ ಮಾದರಿಗೆ ಬದಲಾದೀತು, ಲೆಕ್ಕದ ಬಗೆ ಅದೇ. ಹೀಗೆ ಎಣಿಸುವ ಮೊದಲು 61 ಕೀಯನ್ನೂ ಬಿಚ್ಚಿ ತೊಳೆದು ಒಂದು ಇಡೀ ಭಾನುವಾರ ಕಳೆದುಕೊಂಡಿದ್ದೇನೆ. ತಪ್ಪು ಇದ್ದದ್ದು ರಿಬ್ಬನ್ನಿನ ಒಂದು ಎಳೆಯಲ್ಲಿ.

7. ಆಯುಧಪೂಜೆಯ ಮರುದಿನಕ್ಕೆ ಸಿದ್ಧರಾಗಿ

ವರ್ಷಕ್ಕೊಮ್ಮೆ ವಾದ್ಯಕ್ಕೆ ಪೂಜೆ ಮಾಡದ ಕಲಾವಿದ ನಮ್ಮ ಕಡೆ ಇಲ್ಲ. ಅರಿಸಿನ, ಕುಂಕುಮ, ಗಂಧ, ಹೂವು. ಕೀಗಳ ಮೇಲೂ ಬೊಟ್ಟು, ವಾಲ್ಯೂಮ್ ಸ್ಲೈಡರಿನ ಸಂದಿಗೂ ಬೊಟ್ಟು. ದಸರಾ ಮುಗಿದ ವಾರ ‘ನಾಲ್ಕು ಮನೆ ಮಾತಾಡ್ತಿಲ್ಲ’ ಎಂದು ಬಂದ ಒಂದು ಕೀಬೋರ್ಡಿನ ತಳ ಬಿಚ್ಚಿದಾಗ ಒಳಗಿನ ರಬ್ಬರ್ ಪಟ್ಟಿಯ ಮೇಲೆ ತೆಳ್ಳಗೆ ಕೆಂಪು ಹಾಸಿತ್ತು, ನಡುವೆ ಒಣಗಿದ ಸೇವಂತಿಗೆಯ ಎರಡು ಎಸಳು.

ಕೀಯ ಕೆಳಗೆ ಇರುವುದು ರಬ್ಬರಿನ ಸಣ್ಣ ಗುಮ್ಮಟಗಳ ಸಾಲು. ಪ್ರತಿ ಗುಮ್ಮಟದ ಒಳಗೆ ಎರಡು ಕಪ್ಪು ಕಾರ್ಬನ್ ಬಿಲ್ಲೆ. ಕೀ ಒತ್ತಿದಾಗ ಒಂದು ಬಿಲ್ಲೆ ಮೊದಲು ಬೋರ್ಡನ್ನು ಮುಟ್ಟುತ್ತದೆ, ಇನ್ನೊಂದು ಅರೆಕ್ಷಣ ತಡವಾಗಿ. ಆ ಅಂತರದಿಂದಲೇ ಬೆರಳು ಮೆಲ್ಲಗೆ ಬಿತ್ತೋ ಜೋರಾಗಿ ಬಿತ್ತೋ ಎಂದು ಯಂತ್ರ ಲೆಕ್ಕ ಹಾಕುತ್ತದೆ. ಒಂದು ಬಿಲ್ಲೆಗೆ ಕೊಳೆ ಹಿಡಿದರೂ ಲೆಕ್ಕ ಕೆಡುತ್ತದೆ: ಕೀ ಮೂಕವಾಗುತ್ತದೆ, ಇಲ್ಲವೇ ಎಷ್ಟು ಮೆಲ್ಲಗೆ ಒತ್ತಿದರೂ ಕಿರುಚುತ್ತದೆ. ‘ಈ ಒಂದು ಕೀ ಮಾತ್ರ ಜೋರು’ ಎಂಬ ದೂರಿನ ಅರ್ಥ ಇದೇ.

ಕೀಗಳನ್ನು ತೆಗೆದು ಕ್ರಮವಾಗಿ ಹಳೆಯ ಪೇಪರಿನ ಮೇಲೆ ಜೋಡಿಸಿ. ಕಪ್ಪು ಕೀಗಳೆಲ್ಲ ಒಂದೇ, ಬಿಳಿಯವು ಹಾಗಲ್ಲ. ಸಿ ಆಕಾರ ಬೇರೆ, ಡಿ ಬೇರೆ. ರಬ್ಬರ್ ಪಟ್ಟಿಯನ್ನು ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ಅದ್ದಿ ತೆಗೆದು ನೆರಳಿನಲ್ಲಿ ಒಣಗಿಸಿ. ಬೋರ್ಡಿನ ಮೇಲಿನ ಕಪ್ಪು ಗೆರೆಗಳಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿ, ಹಗುರ ಕೈ. ಉಪ್ಪುಕಾಗದದಿಂದ ಉಜ್ಜಿದರೆ ಕೊಳೆಯ ಜೊತೆ ಕಾರ್ಬನ್ನೂ ಹೋಗುತ್ತದೆ, ಹೋದದ್ದು ಬರುವುದಿಲ್ಲ. ಪೆನ್ಸಿಲ್ ಸೀಸ ತಿಕ್ಕುವ ಉಪಾಯ ಒಂದು ಪ್ರೋಗ್ರಾಮಿಗೆ ಬಂದೀತು, ಸೀಸನ್ನಿಗೆ ಬಾರದು. ಪಟ್ಟಿಯನ್ನು ಮತ್ತೆ ಕೂರಿಸುವಾಗ ಗಮ್ ಹಾಕಬೇಡಿ. ಅಡಿಯಲ್ಲಿ ಗಾಳಿ ಓಡಾಡಲು ಸಣ್ಣ ಕಾಲುವೆಗಳಿವೆ. ಅವು ಮುಚ್ಚಿದರೆ ಗುಮ್ಮಟ ಒತ್ತಿದ ಮೇಲೆ ಏಳುವುದೇ ಇಲ್ಲ.

ಪೂಜೆ ಮಾಡಬೇಡಿ ಎಂದು ನಾನು ಯಾರಿಗೂ ಹೇಳಿಲ್ಲ. ‘ಕೇಸಿನ ಮುಚ್ಚಳಕ್ಕೆ ಬೊಟ್ಟಿಡಿ, ತಾಯಿಗೆ ತಲುಪುತ್ತೆ’ ಎನ್ನುತ್ತೇನೆ. ಅರ್ಧ ಜನ ಒಪ್ಪಿದ್ದಾರೆ.

8. ಸಾವು ಕೀಯಲ್ಲಿದೆಯೋ ಸರದಿಯಲ್ಲಿದೆಯೋ

ಈಚೆಗೆ ಬೆಂಗಳೂರಿನ ಹುಡುಗರು ಹಳೆಯ ಅನಲಾಗ್ ಸಿಂಥಸೈಜರುಗಳ ಬೆನ್ನು ಬಿದ್ದಿದ್ದಾರೆ. ಹಾಗೆ ನನ್ನ ಬೆಂಚಿಗೆ ಬಂದದ್ದು ಒಂದು ರೋಲ್ಯಾಂಡ್ ಜೂನೊ-106, 1984ರ ಮಾದರಿ. ದೂರು ವಿಚಿತ್ರ: ‘ಒಂದೊಂದು ಸಲ ಒಂದೊಂದು ಕೀ ಬರಲ್ಲ.’ ಒಂದೇ ಕೀಯನ್ನು ನಿಧಾನವಾಗಿ ಒತ್ತುತ್ತ ಎಣಿಸಿದೆ. ಐದು ಸಲ ಬಂತು, ಆರನೆಯ ಸಲ ಮೌನ. ಮತ್ತೆ ಐದು, ಮತ್ತೆ ಮೌನ. ಕೀ ಬದಲಿಸಿದರೂ ಅದೇ ತಾಳ.

ಜೂನೊಗೆ ಆರು ಧ್ವನಿ. ಒತ್ತಿದ ಪ್ರತಿ ಸ್ವರವನ್ನು ಅದು ಸರದಿಯಂತೆ ಆರರಲ್ಲಿ ಒಂದಕ್ಕೆ ಒಪ್ಪಿಸುತ್ತದೆ. ಆರನೆಯ ಆಳು ಕೆಲಸಕ್ಕೆ ಬಂದಿಲ್ಲ ಎಂದರೆ ತಪ್ಪು ಕೀಯದಲ್ಲ. ‘ಕೀ ಟ್ರಾನ್ಸ್‌ಪೋಸ್’ ಒತ್ತಿಕೊಂಡು ಸ್ವಿಚ್ ಹಾಕಿದರೆ ಇದು ಟೆಸ್ಟ್ ಮೋಡಿಗೆ ಹೋಗಿ ಯಾವ ಧ್ವನಿ ಮಾತಾಡುತ್ತಿದೆ ಎಂಬ ಅಂಕಿಯನ್ನು ಡಿಸ್‌ಪ್ಲೇಯಲ್ಲಿ ತೋರಿಸುತ್ತದೆ. ಕೆಟ್ಟಿದ್ದದ್ದು 80017ಎ ಎಂಬ ಚಿಪ್. ಪ್ರತಿ ಧ್ವನಿಯ ಫಿಲ್ಟರೂ ವಾಲ್ಯೂಮೂ ಅದರೊಳಗಿವೆ. ಅದರ ಮೇಲೆ ಕಂಪನಿಯವರು ಬಳಿದಿದ್ದ ಕಪ್ಪು ರಾಳದ ಲೇಪವೇ ವಯಸ್ಸಾದಂತೆ ಕರೆಂಟು ಸೋರಿಸಲು ಶುರುಮಾಡುತ್ತದೆ. ಚಿಪ್ಪನ್ನು ಬಿಚ್ಚಿ ಅಸಿಟೋನಿನಲ್ಲಿ ಎರಡು ದಿನ ನೆನೆಸಿ, ರಾಳ ಸುಲಿದು, ಮತ್ತೆ ಬೆಸೆದೆ. ಆರನೆಯವನು ಕೆಲಸಕ್ಕೆ ಬಂದ. ಎಲ್ಲ ಸಲ ಹೀಗೆ ಬದುಕುವುದಿಲ್ಲ. ಬದುಕದಿದ್ದರೆ ಈಗ ಹೊಸದಾಗಿ ತಯಾರಿಸಿದ ಬದಲಿ ಚಿಪ್ಪುಗಳು ಸಿಗುತ್ತವೆ. ಅಸಿಟೋನ್ ಹೊತ್ತಿಕೊಳ್ಳುವ ವಸ್ತು. ಊದುಬತ್ತಿ ಉರಿಯುವ ಅಂಗಡಿಯಲ್ಲಿ ಅದರ ಮುಚ್ಚಳ ತೆರೆಯಬೇಡಿ.

9. ಕೆಂಪು ಅಂಟಿಗೆ ಅವಸರ ಆಗದು

ರೋಲ್ಯಾಂಡ್ ಎಕ್ಸ್‌ಪಿ-80, 76 ಕೀಯದು, 1996ರಲ್ಲಿ ಬಂದದ್ದು. ನಮ್ಮ ಕಡೆಯ ಹಳಬ ಪ್ಲೇಯರುಗಳ ಕೈಯಲ್ಲಿ ನಾನು ಬಹಳ ನೋಡಿದ ಯಂತ್ರ. ಕೀಗೆ ತೂಕ ಬರಲೆಂದು ಒಳಗೆ ಲೋಹದ ತುಂಡು ಇಟ್ಟು ಕೆಂಪು ಅಂಟು ಹಾಕಿದ್ದಾರೆ. ವರ್ಷಗಳು ಕಳೆದಂತೆ, ಬಿಸಿಲಲ್ಲಿ ವ್ಯಾನಿನಲ್ಲಿ ಬೆಂದಂತೆ, ಗಟ್ಟಿಯಾಗಿದ್ದ ಅಂಟು ಪಾಕದ ಹಾಗೆ ಕರಗಿ ಇಳಿಯುತ್ತದೆ. ಕೀಗಳು ಒಂದಕ್ಕೊಂದು ಹತ್ತಿಕೊಳ್ಳುತ್ತವೆ, ಕಾಂಟ್ಯಾಕ್ಟ್ ಬೋರ್ಡಿನ ಮೇಲೆ ಕೆಂಪು ಹನಿ ಬೀಳುತ್ತದೆ. ಕೀ ಒತ್ತಿದರೆ ನಿಧಾನವಾಗಿ ಏಳುತ್ತಿದೆ ಎಂಬಲ್ಲೇ ಎಚ್ಚೆತ್ತುಕೊಳ್ಳಬೇಕು. ಬೋರ್ಡಿನ ತಾಮ್ರದ ಗೆರೆ ತಲುಪಿದ ಮೇಲೆ ಕೆಲಸ ನಾಲ್ಕು ಪಟ್ಟು.

ಕಾಸ್ಟಿಕ್ ಸೋಡಾ ನೀರಿನಲ್ಲಿ ಕೀಗಳನ್ನು ನೆನೆಸಿದರೆ ಅಂಟು ಬಿಡುತ್ತದೆ. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕೆ ಎಂದೂ ಸುರಿಯಬಾರದು. ಕುದಿದು ಮುಖಕ್ಕೆ ಸಿಡಿಯುತ್ತದೆ. ಕೈಗವಸು, ಕನ್ನಡಕ ಇಲ್ಲದಿದ್ದರೆ ಈ ಕೆಲಸವೇ ಬೇಡ. ಆಮೇಲೆ ಒಂದೊಂದೇ ತೂಕವನ್ನು ಹೊಸ ಎಪಾಕ್ಸಿಯಿಂದ ಕೂರಿಸಬೇಕು. ಇದಕ್ಕೆ ನಾನು ಒಂದು ವಾರ ಕೇಳುತ್ತೇನೆ. ನಾಳೆ ಪ್ರೋಗ್ರಾಂ ಇದೆ ಎನ್ನುವವರಿಗೆ ಬಾಡಿಗೆ ಕೀಬೋರ್ಡಿನ ನಂಬರ್ ಕೊಡುತ್ತೇನೆ.

10. ‘ಆಗಲ್ಲ’ ಎನ್ನುವುದನ್ನೂ ಕಲಿಯಬೇಕು

ಕಂಪನಿಯೇ ತನಗಾಗಿ ಮಾಡಿಕೊಂಡ ಧ್ವನಿಯ ಚಿಪ್ ಸುಟ್ಟಿದ್ದರೆ ಅಂಗಡಿಯಲ್ಲಿ ಬಿಡಿಭಾಗ ಸಿಗುವುದಿಲ್ಲ. ಅದೇ ಮಾದರಿಯ ಇನ್ನೊಂದು ಸತ್ತ ಕೀಬೋರ್ಡ್ ಸಿಕ್ಕರೆ ಅದರ ಅಂಗ ಇದಕ್ಕೆ. ಅದಕ್ಕಾಗಿ ನನ್ನ ಅಟ್ಟದ ಮೇಲೆ ಹನ್ನೆರಡು ಹೆಣಗಳಿವೆ, ಹೆಂಡತಿ ಅದನ್ನು ಸ್ಮಶಾನ ಎನ್ನುತ್ತಾಳೆ. ಅಲ್ಲೂ ಸಿಗದಿದ್ದರೆ ಮೊದಲ ದಿನವೇ ಹೇಳಿಬಿಡಿ. ‘ನೋಡೋಣ’ ಎಂದು ಮೂರು ತಿಂಗಳು ಇಟ್ಟುಕೊಂಡು ಆಮೇಲೆ ಕೈಚೆಲ್ಲುವುದು ನಮ್ಮ ಕಸುಬಿನ ಹಳೆಯ ಚಾಳಿ. ನಾನೂ ಮಾಡಿದ್ದೇನೆ. ಆ ಮೂರು ತಿಂಗಳು ಅವನು ಬಾಡಿಗೆಗೆ ಕೊಟ್ಟ ದುಡ್ಡಿನಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಬರುತ್ತಿತ್ತು.

11. ಒಳಗೆ ಏನಿದೆ ಎಂದು ಕೇಳಿ

ಇದನ್ನು ಮೊದಲನೆಯ ಪಾಠ ಮಾಡಬೇಕಿತ್ತು. ಕಲಿತದ್ದು ತಡವಾಗಿ.

1998ರಲ್ಲಿ ಒಬ್ಬ ಹಿರಿಯ ಪ್ಲೇಯರ್ ತಮ್ಮ ಯಮಾಹಾ ಡಿಎಕ್ಸ್7 ತಂದರು. 1983ರಲ್ಲಿ ಬಂದ ಆ ಯಂತ್ರ ಒಳಗೆ 32 ಟೋನುಗಳನ್ನು ನೆನಪಿಡುತ್ತದೆ, ನೆನಪನ್ನು ಕಾಯುವುದು ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆ ಬ್ಯಾಟರಿ. ವಾಚ್ ಅಂಗಡಿಯಲ್ಲಿ ಸಿಗುವಂಥದ್ದೇ, ಆದರೆ ಇದನ್ನು ಬೋರ್ಡಿಗೆ ಬೆಸೆದಿರುತ್ತಾರೆ. ‘ಬ್ಯಾಟರಿ ವೀಕ್ ಆಗಿದೆ ಕಣಪ್ಪ, ಬದಲಾಯಿಸಿಕೊಡು’ ಎಂದರು. ಹತ್ತು ನಿಮಿಷದ ಕೆಲಸ ಎಂದುಕೊಂಡೆ. ಹಳೆಯದನ್ನು ಕಿತ್ತೆ, ಮುಂದಿನವರಿಗೆ ಸುಲಭವಾಗಲಿ ಎಂದು ಹೋಲ್ಡರ್ ಬೆಸೆದೆ, ಹೊಸ ಬಿಲ್ಲೆ ಹಾಕಿದೆ. ಸ್ವಿಚ್ ಹಾಕಿದರೆ ಟೋನಿನ ಹೆಸರು ಬರಬೇಕಾದ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು. ಪರಿಚಯದವರ ಕಾರ್ಟ್ರಿಜ್ ತಂದು ಕಂಪನಿಯ 32 ಟೋನುಗಳನ್ನು ತುಂಬಿ, ಇನ್ನೂ ಹೊಸದಾಯಿತು ಎಂದು ಖುಷಿಪಟ್ಟೆ.

ಸಂಜೆ ಮಾಸ್ಟರು ಬಂದು ನೇರ 27ನೆಯ ಬಟನ್ ಒತ್ತಿದರು. ಒಂದು ಸ್ವರ ನುಡಿಸಿ ಕೈ ತೆಗೆದರು. ‘ಇದು ನನ್ನದಲ್ಲ.’

27ರಲ್ಲಿ ಅವರೇ ಕಟ್ಟಿದ ‘ವಾಲಗ’ ಇತ್ತು. ಮದುವೆ ಹಾಡು ಬಂದರೆ ಊರಿನ ಓಲಗದವರೇ ವೇದಿಕೆಗೆ ಬಂದರೇನೋ ಎನ್ನುವಂತೆ ಕೇಳುತ್ತಿದ್ದ ಟೋನ್. ಡಿಎಕ್ಸ್7ನಲ್ಲಿ ಒಂದು ಟೋನ್ ಕಟ್ಟುವುದು ಸುಲಭವಲ್ಲ. ಸದ್ದು ಹುಟ್ಟಿಸುವ ಆರು ಆಪರೇಟರುಗಳು, ಅವನ್ನು ಜೋಡಿಸಲು 32 ಬಗೆ, ಎಲ್ಲವನ್ನೂ ಎರಡು ಸಾಲಿನ ಪುಟ್ಟ ಡಿಸ್‌ಪ್ಲೇಯಲ್ಲಿ ಒಂದೊಂದೇ ಅಂಕಿಯಾಗಿ ತಿದ್ದಬೇಕು. ಅವರು ಆರು ತಿಂಗಳು ತಿದ್ದಿದ್ದರು. ನಾನು ಹತ್ತು ನಿಮಿಷದಲ್ಲಿ ಅಳಿಸಿದ್ದೆ.

ಬೈಯಲಿಲ್ಲ. ಮರುದಿನ ಸಂಜೆ ಬಂದು ನನ್ನ ಸ್ಟೂಲಿನ ಮೇಲೆ ಕೂತು ಮತ್ತೆ ಕಟ್ಟಲು ಶುರುಮಾಡಿದರು. ಕಣ್ಣು ಮುಚ್ಚಿ ಕೇಳುವುದು, ಒಂದು ಅಂಕಿ ಏರಿಸುವುದು, ಮತ್ತೆ ಕೇಳುವುದು. ಫೀಡ್‌ಬ್ಯಾಕ್ 5ಕ್ಕೆ ಇಟ್ಟಾಗ ‘ಇದು ಕೊಳಲು’ ಎಂದರು. 7ಕ್ಕೆ ಏರಿಸಿದಾಗ ಸದ್ದಿಗೆ ಗರಗಸದ ಹಲ್ಲು ಬಂತು. ‘ಹಾಂ, ಪೀಪಿ ಬಂತು, ಉಸಿರು ಬರಬೇಕು’ ಎಂದರು. ಮೂರನೆಯ ಸಂಜೆ ನುಡಿಸಿ ನನ್ನ ಕಡೆ ತಿರುಗಿದರು. ‘ಅವನೇ ಅಲ್ಲ. ಅವನ ತಮ್ಮ. ನಡೀತದೆ.’

ಅವರು ಏಳುವ ಮೊದಲು ಮಿಡಿ ಕೇಬಲ್ ಹಾಕಿ ಆ 32 ಟೋನುಗಳನ್ನೂ ಕಂಪ್ಯೂಟರಿಗೆ ಕಳಿಸಿದೆ. ಒಟ್ಟು 4104 ಬೈಟು. ಮಿಡಿಯಲ್ಲಿ ಸೆಕೆಂಡಿಗೆ 3125 ಬೈಟು ಹರಿಯುತ್ತದೆ. ಎರಡು ಸೆಕೆಂಡೂ ಬೇಕಾಗಲಿಲ್ಲ.

‘ಏನು ಮಾಡಿದೆ?’

‘ಕಾಪಿ ಇಟ್ಟುಕೊಂಡೆ ಮಾಸ್ಟ್ರೇ. ಮತ್ತೆ ಹೋದರೂ ವಾಪಸ್ ತುಂಬಬಹುದು.’

‘ಇಷ್ಟೇನಾ?’

‘ಇಷ್ಟೇ.’

ಅವರು ಮತ್ತೇನೂ ಅನ್ನದೆ ಚೀಲದ ಜಿಪ್ ಎಳೆದರು.

ಆ ವಾರವೇ ಹೊಸ ರಶೀದಿ ಪುಸ್ತಕ ಅಚ್ಚು ಹಾಕಿಸಿದೆ. ಹೆಸರು, ಮಾದರಿ, ದೂರು ಎಂಬ ಕಾಲಂಗಳಿಗೂ ಮೊದಲು ಈಗ ಒಂದು ಕಾಲಂ ಇದೆ: ‘ಒಳಗೆ ಏನಿದೆ?’ ಓದಿದ ಹುಡುಗರು ನಗುತ್ತಾರೆ. ‘ಏನಿರತ್ತೆ ಸಾರ್, ಧೂಳು.’ ಧೂಳು ಎಂದೇ ಬರೆದುಕೊಳ್ಳುತ್ತೇನೆ. ಬರೆದು, ಮಿಡಿ ಕೇಬಲ್ ಹಾಕುತ್ತೇನೆ.